ಕೊನೇ ಬೆಂಚಿನವರು ಎಷ್ಟು ದಿನ ಹೊರಗಿನವರು?

ಆದಿತ್ಯವಾರ ಮಂಗಳೂರಿನ ಇಗರ್ಜಿಗಳ ಕೊನೇ ಬೆಂಚಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ಜಾರ್ಖಂಡ್, ಒಡಿಶಾ ಕಡೆಯ ಹುಡುಗರು ಕೂತಿರುತ್ತಾರೆ. ವಾರವೆಲ್ಲ ಕಟ್ಟಡದ ಕೆಲಸ, ಹೋಟೆಲ್ ಕೆಲಸ. ಕೈಯಲ್ಲಿ ಜಪಸರ ಉಂಟು. ಕೊಂಕಣಿ ಪೂಜೆ ಮಾತ್ರ ತಲೆಗೆ ಹತ್ತುವುದಿಲ್ಲ. ಪೂಜೆ ಮುಗಿದು ಊರಿನವರು ಅಂಗಳದಲ್ಲಿ ಮಾತಿಗೆ ನಿಂತರೆ, ಇವರು ಸೀದಾ ಬಸ್ ಸ್ಟಾಪಿಗೆ. ಹೋಗಿ ಅಂದವರಿಲ್ಲ, ನಿಜ. ಬನ್ನಿ ಅಂದವರೂ ಇಲ್ಲ!

ವಲಸೆಯ ಕಷ್ಟ ಇಲ್ಲಿನ ಕ್ರೈಸ್ತರಿಗೆ ಹೊಸತೇ? ಇವರ ಹಿರಿಯರು ಗೋವಾದಿಂದ ಬಂದವರು. ಕೆಳದಿಯ ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ 1680ರಲ್ಲಿ ಮಿಲಾಗ್ರಿಸ್ ಇಗರ್ಜಿ ಎದ್ದಿತು. 1784ರಲ್ಲಿ ಟಿಪ್ಪುವಿನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದವರಲ್ಲಿ ಉಳಿದವರು 1799ರ ನಂತರ ಬರಿಗೈಯಲ್ಲಿ ಮರಳಿದರು. ಇಂದು ದುಬೈಗೆ ಹೋದ ನಮ್ಮ ಹುಡುಗರಿಗೆ ಅಲ್ಲಿನ ಸೇಂಟ್ ಮೇರಿಸ್ ಚರ್ಚಿನಲ್ಲಿ ಕೊಂಕಣಿ ಪೂಜೆ ಸಿಗುತ್ತದೆ. ಅಲ್ಲಿ ಪಡೆದದ್ದನ್ನು ಇಲ್ಲಿ ಕೊಡಬೇಡವೇ?

ಹಿಂದಿಯಲ್ಲಿ ಒಂದು ಪೂಜೆ ಇಟ್ಟರೆ ಮುಗಿಯಿತು ಅನ್ನುವವರಿದ್ದಾರೆ. ಮುಗಿಯುವುದಿಲ್ಲ. ಅದರಿಂದ ಬೇರೆ ಗುಂಪಾದೀತು, ಅಷ್ಟೇ. ಅವರ ಹೆಸರು ಇಗರ್ಜಿಯ ಪುಸ್ತಕಕ್ಕೆ ಏರಬೇಕು. ವಾರ್ಡಿನ ಗುರಿಕಾರರು ಅವರ ಬಿಡಾರಕ್ಕೂ ಹೋಗಬೇಕು. ಹಬ್ಬದ ಕಮಿಟಿಯಲ್ಲಿ ಅವರದೂ ಒಬ್ಬ ಇರಬೇಕು. ಹೋಟೆಲಿನವನಿಗೆ ಆದಿತ್ಯವಾರ ರಜೆ ಇಲ್ಲ. ಅವನಿಗೆ ಒಗ್ಗುವ ಹೊತ್ತಿಗೂ ಪೂಜೆ ಬೇಕು. ಸಂಬಳ ಬಾಕಿ ಇಟ್ಟ ಕಂಟ್ರಾಕ್ಟರ್ ಅದೇ ಇಗರ್ಜಿಯ ಮುಂದಿನ ಬೆಂಚಿನವನಾದರೆ, ಪಾದ್ರಿಗಳು ಅವನನ್ನು ಕರೆದು ಕೇಳಬೇಕು. ಕಷ್ಟ ಇರುವುದು ಇಲ್ಲಿಯೇ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಈ ಪಾಠ ಗೊತ್ತಿತ್ತು. ಮತ ಬಿಟ್ಟು ಮನೆಯಿಂದ ಹೊರಬಿದ್ದವರಿಗೆ ಬರೇ ಪ್ರಾರ್ಥನೆ ಸಾಲಲಿಲ್ಲ. ಮಗ್ಗ ಹಾಕಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕೂಲಿ ಸಿಕ್ಕಿತು, ಕಾಲೂರಲು ನೆಲ ಸಿಕ್ಕಿತು.

ಹಾಗಂತ ಕ್ರೈಸ್ತರಲ್ಲದ ಕೂಲಿಯವರಿಗೆ ಅನ್ನ ಕೊಟ್ಟ ಕೈಯಲ್ಲೇ ಬೈಬಲ್ ಹಿಡಿದರೆ ಊರಿಗೆ ಸಂಶಯ ಬರುತ್ತದೆ. ಸಹಾಯಕ್ಕೆ ಶರತ್ತು ಇರಬಾರದು.

ನಾಳೆ ಆ ಹುಡುಗರಲ್ಲಿ ಒಬ್ಬ ಸಾರಣೆಯಿಂದ ಬಿದ್ದು ಸತ್ತರೆ ಯಾವ ಇಗರ್ಜಿಯ ಗಂಟೆ ಬಾರಿಸಬೇಕು? ಯಾವ ಗೋರಿಜಾಗ? ಆಗ ಪುಸ್ತಕ ಹುಡುಕುವ ಬದಲು, ಈ ಆದಿತ್ಯವಾರವೇ ಹೆಸರು ಕೇಳಿದರೆ ಸಾಕು.