ರಸ್ತೆಗೆ ಒಡೆಯರು ಯಾರು?

ಚಳ್ಳಕೆರೆಯ ಎಣ್ಣೆ ಗಿರಣಿಗೆ ಬೆಳಗಿನ ಪಾಳಿಗೆಂದು ಹೊರಟ ಕಾರ್ಮಿಕನನ್ನು ರಸ್ತೆಯ ತಿರುವಿನಲ್ಲಿ ತಡೆದು ಗಾಡಿಯ ಕೀ ಕಿತ್ತುಕೊಂಡರೆ, ಆತನ ಅರ್ಧ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆಯ ಗಂಟು ಹೊತ್ತು ರಾಯದುರ್ಗದ ಕಡೆ ಹೊರಟ ಸಣ್ಣ ವ್ಯಾಪಾರಿಯ ಪಾಡೂ ಇದೇ. ಹೊತ್ತು ಕಳೆಯುವುದಕ್ಕಿಂತ ರಸೀದಿಯಿಲ್ಲದೆ ಇನ್ನೂರು ಕೊಟ್ಟು ಪಾರಾಗುವುದೇ ಮೇಲೆಂದು ಬಡವನಿಗೆ ತೋರುವುದು ಇಂಥ ಗಳಿಗೆಯಲ್ಲಿಯೇ. ಈ ಭಯವೇ ಲಂಚದ ತಾಯಿಬೇರು.

ಹಾಗಾದರೆ ಪೊಲೀಸರಿಗೆ ಗಾಡಿ ತಡೆಯುವ ಅಧಿಕಾರವೇ ಇಲ್ಲವೆ? ಇದೆ. ಅದನ್ನು ನಾವು ಮುಚ್ಚಿಡುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 130ನೆಯ ಕಲಮಿನಂತೆ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲಕನು ಲೈಸೆನ್ಸ್ ತೋರಿಸತಕ್ಕದ್ದು. ಕುಡಿದು ಓಡಿಸುವವನ ಪರ ವಕಾಲತ್ತು ವಹಿಸಲು ಈ ಪತ್ರಿಕೆ ಹುಟ್ಟಿಲ್ಲ. ಆದರೆ ಅದೇ ಕಾಯಿದೆ ಪೊಲೀಸರ ಕೈಯನ್ನೂ ಕಟ್ಟಿದೆ. 206ನೆಯ ಕಲಮಿನಂತೆ ಲೈಸೆನ್ಸ್ ವಶಪಡಿಸಿಕೊಂಡವರು ಅದಕ್ಕೆ ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಲೇಬೇಕು. 2018ರಲ್ಲಿ ತಿದ್ದಿದ ಕೇಂದ್ರ ನಿಯಮದಂತೆ ಮೊಬೈಲಿನ ಡಿಜಿಲಾಕರ್‌ನಲ್ಲಿರುವ ದಾಖಲೆಗೂ ಮಾನ್ಯತೆಯುಂಟು.

2025ರ ಮೇ 26ರಂದು ಮಂಡ್ಯದಲ್ಲಿ ಏನಾಯಿತು? ನಾಯಿ ಕಚ್ಚಿದ ಪುಟ್ಟ ಮಗಳನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆತಾಯಿಯ ಬೈಕನ್ನು ತಪಾಸಣೆಗೆಂದು ತಡೆದರು. ಮಗು ರಸ್ತೆಗೆ ಬಿದ್ದು ಪ್ರಾಣ ಬಿಟ್ಟಿತು. ಮೂವರು ಎ.ಎಸ್.ಐ.ಗಳು ಅಮಾನತಾದರು. ಅದರ ಬೆನ್ನಿಗೇ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ. ಎ. ಸಲೀಂ ಅವರು ಸುತ್ತೋಲೆ ಹೊರಡಿಸಿದರು: ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರಿಯ ಕಾಗದಪತ್ರ ನೋಡಲೆಂದು ಗಾಡಿ ತಡೆಯಬಾರದು, ಓಡುವ ಗಾಡಿಗೆ ಅಡ್ಡ ಹಾರಬಾರದು, ಕೀ ಕಸಿಯಬಾರದು. ಇವುಗಳಲ್ಲಿ ಮೊದಲನೆಯ ಮಾತನ್ನು ಅಂದಿನ ಮುಖ್ಯಸ್ಥ ಪ್ರವೀಣ್ ಸೂದ್ ಅವರು 2022ರಲ್ಲಿಯೇ ಹೇಳಿದ್ದರು. ಹೇಳಿದ್ದನ್ನೇ ಮತ್ತೆ ಹೇಳಿಸಲು ಒಂದು ಕೂಸಿನ ಪ್ರಾಣ ಬೇಕಾಯಿತೆ?

ಸುತ್ತೋಲೆ ಬೆಂಗಳೂರಿನ ಕಡತದಲ್ಲಿ ಮಲಗಿದ್ದರೆ ಬಳ್ಳಾರಿ ರಸ್ತೆಯ ಚಾಲಕನಿಗೆ ಏನು ಫಲ? ನಮ್ಮ ಬೇಡಿಕೆ ಇಷ್ಟೇ: ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ತಪಾಸಣೆ ನಡೆಯುವ ಪ್ರತಿಯೊಂದು ಜಾಗದಲ್ಲೂ ಆ ಸುತ್ತೋಲೆಯನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ ನಿಲ್ಲಿಸಲಿ. ಓದಬಲ್ಲವರು ಓದಲಿ, ಓದಲಾರದವರಿಗೆ ಓದಿ ಹೇಳಲಿ.

ಗಿರಣಿಯ ಬಂಧುಗಳೇ, ಅಂಗಡಿಯ ಮಿತ್ರರೇ! ಗಾಡಿ ನಿಲ್ಲಿಸಿರಿ, ಲೈಸೆನ್ಸ್ ತೋರಿಸಿರಿ, ತಪ್ಪಿದ್ದರೆ ದಂಡವನ್ನೂ ಕಟ್ಟಿರಿ. ಆದರೆ ರಸೀದಿಯಿಲ್ಲದೆ ಬಿಡಿಗಾಸನ್ನೂ ಕೊಡಬೇಡಿರಿ. ಒಬ್ಬನೇ ಕೇಳಿದರೆ ಗದರಿಸಿ ಕಳಿಸಿಯಾರು. ಊರೇ ಕೇಳಿದರೆ ಉತ್ತರ ಕೊಡಲೇಬೇಕು.