ವಾಸನಿ ಪೂರಾ ಹೋಗ್ತದೇನ್ರಿ?

ನನ್ನ ಕಸುಬಿನಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಪ್ರಶ್ನೆ ಇದು. ಸೋಫಾ, ಗಾಲಿಚಾ, ಹಾಸಿಗೆ ಸ್ವಚ್ಛ ಮಾಡಿಕೊಡುವುದು ನನ್ನ ಕೆಲಸ. ಊರು ಆಳಂದ ತಾಲೂಕಿನ ಭೂಸನೂರ, ದುಡಿಮೆ ಕಲಬುರಗಿಯಲ್ಲಿ. "ಕವಿತೆ ಬರಿ, ಹರಟೆ ಬರಿ, ಇದೇನಪ್ಪಾ ನಾಯಿ ಉಚ್ಚೆ ಬಗ್ಗೆ ಬರೀಲತಿ" ಅಂತ ನಗಬೇಡಿ. ನಮ್ಮ ಬ್ಲಾಗ್ ಬಳಗದಲ್ಲಿ ಬೆಕ್ಕು-ನಾಯಿ ಸಾಕಿದವರು ಎಷ್ಟು ಮಂದಿ ಇದ್ದೀರಿ ಅಂತ ನಿಮ್ಮ ಫೋಟೋ ನೋಡಿಯೇ ಗೊತ್ತಾಗುತ್ತದೆ :-)

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಾಲಿಚಾವನ್ನು ಕಣ್ಣಿಂದ ನೋಡದೆ, ಮೂಗಿನಿಂದ ಮೂಸದೆ, "ನೂರಕ್ಕೆ ನೂರು ವಾಸನೆ ಹೋಗುತ್ತದೆ" ಎಂದು ಮಾತು ಕೊಡುವವನು ಸುಳ್ಳು ಹೇಳುತ್ತಿದ್ದಾನೆ. ಇದರಲ್ಲಿ ಬೇಸರದ ಸಂಗತಿ ಏನೆಂದರೆ, ಮಾತು ಕೊಡುವವನು ಒಬ್ಬ, ಬೈಸಿಕೊಳ್ಳುವವನು ಇನ್ನೊಬ್ಬ.

ನಮ್ಮ ಊರಿನ ಮನೆಗಳಲ್ಲಿ ಈ ಸಮಸ್ಯೆ ಇರಲೇ ಇಲ್ಲ. ನಾಯಿ ಅಂಗಳದ್ದು, ಬೆಕ್ಕು ಮಾಳಿಗೆಯದ್ದು, ಆಡು-ಎಮ್ಮೆ ಕೊಟ್ಟಿಗೆಯವು. ಮನೆಯೊಳಗೆ ಉಚ್ಚೆ ಮಾಡುವುದಿದ್ದರೆ ಅದು ಕೂಸು, ಅದೂ ಕೌದಿಯ ಮೇಲೆ. ಅದಕ್ಕೆ ಅವ್ವಂದಿರ ಹತ್ತಿರ ಒಂದೇ ಶಾಸ್ತ್ರ: ಅವತ್ತಿನದು ಅವತ್ತೇ ತೊಳೆ, ಬಿಸಿಲಿಗೆ ಹಾಕು. ಈ ಶಾಸ್ತ್ರ ಇವತ್ತಿಗೂ ಅಪ್ಪಟ ಸತ್ಯ. ಕೌದಿಯನ್ನು ಪೂರ್ತಿ ನೀರಿನಲ್ಲಿ ಅದ್ದಬಹುದು, ಹಿಂಡಬಹುದು, ಎರಡೂ ಕಡೆ ಬಿಸಿಲು ತೋರಿಸಬಹುದು. ನವಲಗುಂದದ ಹತ್ತಿಯ ಜಮಖಾನಕ್ಕೂ ಹೆಚ್ಚುಕಡಿಮೆ ಇದೇ ಮಾತು, ಬಣ್ಣ ಬಿಡುತ್ತದೆಯೋ ಎಂದು ಮೊದಲು ನೋಡಿಕೊಂಡರೆ ಸಾಕು. ಆದರೆ ಈಗಿನ ಕಾರ್ಪೆಟ್ ಹಾಗಲ್ಲ. ಮೇಲೆ ನೂಲಿನ ಕುಚ್ಚು, ಅದರ ಕೆಳಗೆ ಅಂಟು ಹಾಕಿದ ಬೆನ್ನು, ಅದರ ಕೆಳಗೆ ಕೆಲವು ಮನೆಗಳಲ್ಲಿ ಫೋಮು, ಅದರ ಕೆಳಗೆ ನೆಲ. ಮೇಲೆ ಅಂಗೈಯಷ್ಟು ಕಾಣುವ ಕಲೆ ಕೆಳಗೆ ಹೋಗುತ್ತಾ ಹೋಗುತ್ತಾ ಊಟದ ತಾಟಿನಷ್ಟು ಅಗಲ ಹರಡಿರುತ್ತದೆ. ಗಿರಾಕಿಗೆ ಕಾಣುವುದು ಅಂಗೈ, ನಾವು ತೊಳೆಯಬೇಕಾದದ್ದು ತಾಟು. ಜಗಳ ಹುಟ್ಟುವುದೇ ಇಲ್ಲಿ.

ಸ್ವಲ್ಪ ವಿಜ್ಞಾನ ಹೇಳಲೇಬೇಕು, ತಾಳ್ಮೆ ಇರಲಿ.

ಆಗಷ್ಟೇ ಮಾಡಿದ ಉಚ್ಚೆಗೆ ಅಷ್ಟು ನಾತ ಇರುವುದಿಲ್ಲ. ಅದರಲ್ಲಿ ಯೂರಿಯಾ ಇರುತ್ತದೆ, ಹೊಲಕ್ಕೆ ಹಾಕುವ ಅದೇ ಯೂರಿಯಾ. ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂಗಿಗೆ ಹೊಡೆಯುವ ಘಾಟು ಅದೇ. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಈ ಯೂರಿಯೇಸನ್ನು ಜ್ಯಾಕ್ ಬೀನ್ ಎಂಬ ಅವರೆಯಂಥ ಕಾಳಿನಿಂದ ಹರಳಾಗಿ ಬೇರ್ಪಡಿಸಿದರು. ಕಿಣ್ವವೊಂದನ್ನು ಹರಳಾಗಿ ತೆಗೆದದ್ದು ಅದೇ ಮೊದಲು, ಅದಕ್ಕೆ 1946ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲೂ ಸಿಕ್ಕಿತು. ನೋಡಿ, ನೊಬೆಲ್ ತನಕ ಹೋದ ವಿಷಯಕ್ಕೆ ನೀವು ಮೂಗು ಮುಚ್ಚಿಕೊಳ್ಳುತ್ತಿದ್ದೀರಿ!

ಇನ್ನೊಂದು ಮಾತು. ನಮ್ಮ ಕಸುಬಿನ ಜಾಹೀರಾತುಗಳಲ್ಲೆಲ್ಲ "ಯೂರಿಕ್ ಆಮ್ಲದ ಹರಳು" ಎಂಬುದೊಂದು ದೊಡ್ಡ ಭೂತ. ಇದು ಅರ್ಧಸತ್ಯ. ಮನುಷ್ಯರ ಉಚ್ಚೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ ನಿಜ. ನಾಯಿ-ಬೆಕ್ಕುಗಳ ದೇಹ ಅದರ ಬಹುಪಾಲನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲ್ಲಾಂಟೊಯಿನ್ ಆಗಿ ಬದಲಿಸುತ್ತದೆ. ನಾಯಿಗಳಲ್ಲಿ ಡಾಲ್ಮೇಷಿಯನ್ ತಳಿ ಮಾತ್ರ ಇದಕ್ಕೆ ಪ್ರಸಿದ್ಧ ಅಪವಾದ. ಹಾಗಿದ್ದರೆ ವಾಸನೆ ಮತ್ತೆ ಮತ್ತೆ ಏಕೆ ಬರುತ್ತದೆ? ಉಚ್ಚೆಯಲ್ಲಿನ ಲವಣಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ತೇವ ಬಂದ ಕೂಡಲೇ ಎಳೆಗಳಲ್ಲಿ ಸಿಕ್ಕಿಕೊಂಡಿದ್ದ ವಾಸನೆಯ ಕಣಗಳು ಬಿಡಿಸಿಕೊಂಡು ಹೊರಗೆ ಬರುತ್ತವೆ, ಮಲಗಿದ್ದ ಬ್ಯಾಕ್ಟೀರಿಯಾಗಳೂ ಎದ್ದು ಕೂರುತ್ತವೆ.

ಇದನ್ನು ನಮ್ಮ ಕಲಬುರಗಿಯ ಹವೆಗೆ ಇಟ್ಟು ನೋಡಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಒಣ ಗಾಳಿ. ಆಗ ಯಾರು ಹೇಗೆ ತೊಳೆದರೂ ಗಾಲಿಚಾ ಗಮಗಮ ಅನ್ನುತ್ತದೆ. ಗಿರಾಕಿ ಖುಷಿ, ದುಡ್ಡು ಕೈಗೆ. ಮಿರಗದ ಮಳೆ ಬಿತ್ತೋ, ಫೋನು ಶುರು. "ಏನ್ರೀ ಅಣ್ಣಾ, ಮತ್ತ ವಾಸನಿ ಬರ್ಲತದಲ್ರಿ!" ಆದ್ದರಿಂದ ಬೇಸಿಗೆಯಲ್ಲಿ ಮಾಡಿದ ಕೆಲಸದ ಪರೀಕ್ಷೆ ಆಗುವುದು ಜೂನಿನಲ್ಲಿ ಅಂತ ನಾನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮಳೆಯಾದ ಮೇಲೆ ಒಮ್ಮೆ ಬಂದು ಮೂಸಿ ನೋಡುವುದನ್ನೂ ಮಾತಿನಲ್ಲೇ ಸೇರಿಸುತ್ತೇನೆ.

ಬೆಕ್ಕಿನದು ಇನ್ನೊಂದು ಮಟ್ಟ. ಅದರ ಉಚ್ಚೆಯಲ್ಲಿ ಗಂಧಕವಿರುವ ಫೆಲಿನಿನ್ ಎಂಬ ವಸ್ತು ಇರುತ್ತದೆ. ಬೆಕ್ಕಿನ ಮೂತ್ರಪಿಂಡದಲ್ಲಿ ತಯಾರಾಗುವ ಕಾಕ್ಸಿನ್ ಎಂಬ ಪ್ರೋಟೀನು ಅದರ ಉತ್ಪತ್ತಿಗೆ ಕಾರಣ ಎಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದರು. ಸಂತಾನಹರಣ ಮಾಡಿಸದ ಗಂಡು ಬೆಕ್ಕಿನಲ್ಲಿ ಇದು ಬಹಳ ಹೆಚ್ಚು. ಫೆಲಿನಿನ್‌ಗೆ ಮೊದಲು ವಾಸನೆ ಇಲ್ಲ, ಒಡೆದಂತೆಲ್ಲ ನಾತ ಏರುತ್ತದೆ. ಹಾಗಾಗಿ ಗಂಡು ಬೆಕ್ಕು ಗೋಡೆಗೆ, ಪರದೆಗೆ, ಗಾಲಿಚಾದ ಅಂಚಿಗೆ ಸಿಂಪಡಿಸುವ ಮನೆಯಲ್ಲಿ ಮೊದಲು ಬರಬೇಕಾದವನು ನಾನಲ್ಲ, ಪಶುವೈದ್ಯರು. ಇದ್ದಕ್ಕಿದ್ದಂತೆ ಎಲ್ಲೆಂದರಲ್ಲಿ ಉಚ್ಚೆ ಮಾಡತೊಡಗಿದ ಪ್ರಾಣಿಗೆ ಮೂತ್ರದ ತೊಂದರೆ ಇರಬಹುದು. ಕಾರಣ ಹಾಗೇ ಇದ್ದರೆ ನಾನು ತೊಳೆಯುವುದು ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ.

ಈಗ ನಮ್ಮ ಕಡೆಯ ನೆಲದ ಕಥೆ. ಇಲ್ಲಿನ ಹಳೆಯ ಮನೆಗಳಲ್ಲೆಲ್ಲ ಶಹಾಬಾದಿ ಫರಸಿ. ಅದು ಸುಣ್ಣದ ಕಲ್ಲು. ಗಾಲಿಚಾದಿಂದ ಇಳಿದದ್ದು ಫರಸಿಯ ಸಂದಿಗೆ ಹೋಗಿ ಕೂರುತ್ತದೆ. ಗಾಲಿಚಾ ತೊಳೆದು ಅದೇ ಜಾಗದಲ್ಲಿ ಹಾಸಿದರೆ ವಾಸನೆ ನೆಲದಿಂದಲೇ ಮೇಲೆ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಓದಿ ವಿನೆಗರ್ ಸುರಿಯುವವರಿಗೆ ಒಂದು ಮಾತು: ಹುಳಿ ಸುಣ್ಣದ ಕಲ್ಲನ್ನು ತಿನ್ನುತ್ತದೆ. ವಾಸನೆಯೂ ಉಳಿಯುತ್ತದೆ, ಫರಸಿಯ ಹೊಳಪೂ ಹೋಗುತ್ತದೆ. ಅಮೆರಿಕದಲ್ಲಿರುವ ಗೆಳೆಯರದು ಬೇರೆ ಪಾಡು. ಅಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್, ಕೆಳಗೆ ಹಲಗೆ. ಹಲಗೆ ಕುಡಿದುಬಿಟ್ಟಿದ್ದರೆ ಕಾರ್ಪೆಟ್ಟಿನ ಆ ಭಾಗ ಎತ್ತಿ, ಫೋಮು ಬದಲಿಸಿ, ಹಲಗೆಗೆ ವಾಸನೆ ತಡೆಯುವ ಬಣ್ಣ ಬಳಿಯದೆ ಬೇರೆ ದಾರಿ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹಸಿ ಇದ್ದಾಗ ಉಜ್ಜಬೇಡಿ. ದಪ್ಪ ಹತ್ತಿಬಟ್ಟೆ ಇಟ್ಟು, ಮೇಲೆ ನಿಂತು ಹೀರಿಸಿ. ತಣ್ಣೀರು ಹಾಕಿ ಮತ್ತೆ ಹೀರಿಸಿ. ಆಮೇಲೆ ಕಿಣ್ವದ ದ್ರಾವಣ. ಅದನ್ನು ಗುಲಾಬಿ ನೀರಿನ ಹಾಗೆ ಚಿಮುಕಿಸಿದರೆ ಪ್ರಯೋಜನವಿಲ್ಲ. ಉಚ್ಚೆ ಎಷ್ಟು ಆಳ ಹೋಗಿದೆಯೋ ಅಷ್ಟು ಆಳಕ್ಕೆ ಅದೂ ಹೋಗಬೇಕು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒದ್ದೆ ಇರಬೇಕು. ಕೆಲವೊಮ್ಮೆ ಇಡೀ ರಾತ್ರಿ ಬೇಕು. ನಂತರ ಯಂತ್ರದಿಂದ ಎಳೆದು, ಫ್ಯಾನು ಹಚ್ಚಿ ಬೇಗ ಒಣಗಿಸಬೇಕು. ಹೈಡ್ರೋಜನ್ ಪೆರಾಕ್ಸೈಡ್ ಕೆಲಸ ಮಾಡುತ್ತದೆ, ಆದರೆ ಬಣ್ಣವನ್ನೂ ತೆಗೆದುಬಿಡಬಹುದು. ಉಣ್ಣೆ, ರೇಷ್ಮೆಯ ಮೇಲಂತೂ ನಾನು ಅದನ್ನು ಮುಟ್ಟುವುದಿಲ್ಲ.

ಮಾಡಬಾರದ್ದು: ಬಿಸಿ ಹಬೆ ಬೇಡ, ಕಲೆ-ವಾಸನೆ ಎಳೆಗೆ ಇನ್ನೂ ಗಟ್ಟಿಯಾಗಿ ಹಿಡಿಯಬಹುದು. ಬ್ಲೀಚು ಬೇಡವೇ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿ ವಿಷದ ಗಾಳಿ ಹುಟ್ಟುತ್ತದೆ. ಫಿನೈಲ್ ಬೆಕ್ಕಿಗೆ ವಿಷ. ಮೇಲಾಗಿ ಮೊದಲೇ ಫಿನೈಲ್, ಬ್ಲೀಚು ಸುರಿದ ಜಾಗದಲ್ಲಿ ಕಿಣ್ವವೂ ಕೆಲಸ ಮಾಡದೆ ಕೂರಬಹುದು. ಅದಕ್ಕೇ ನನ್ನ ಮೊದಲ ಪ್ರಶ್ನೆ "ಏನೇನ್ ಹಾಕೀರಿ ಇದಕ್ಕ?" ಎಂಬುದು. ಹೆಚ್ಚಿನವರು "ಏನೂ ಇಲ್ರಿ" ಅನ್ನುತ್ತಾರೆ. ಗಾಲಿಚಾ ಮಾತ್ರ ಫಿನೈಲ್ ವಾಸನೆ ಹೊಡೆಯುತ್ತಿರುತ್ತದೆ!

ಗಿರಾಕಿಗಳನ್ನು ನಾನು ದೂರುತ್ತಿಲ್ಲ. ಮೂಗಿನದೊಂದು ಗುಣವಿದೆ, ಒಂದೇ ವಾಸನೆಯಲ್ಲಿ ಇದ್ದು ಇದ್ದು ಅದನ್ನು ಮರೆತುಬಿಡುತ್ತದೆ. ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹೊರಗಿನಿಂದ ಬಂದ ಬೀಗರು ಬಸ್ಸು ಇಳಿಯುತ್ತಲೇ "ಏನಿದು ವಾಸನಿ" ಅಂತಾರೆ, ನಮಗೆ ಗೊತ್ತೇ ಆಗುವುದಿಲ್ಲ. ಪ್ರಾಣಿ ಸಾಕಿದ ಮನೆಯವರೂ ಹಾಗೇ. ಒಂದು ದಿನ ನೆಂಟರು ಮೂಗು ಮುರಿದ ಮೇಲೆ ನನಗೆ ಫೋನು ಬರುತ್ತದೆ. ಆಗ ಅವರಿಗೆ ಬೇಕಾದದ್ದು ತೊಳೆಯುವುದಷ್ಟೇ ಅಲ್ಲ, ಆ ಅವಮಾನ ಅಳಿಸುವುದು. ಅದನ್ನು ನೂರಕ್ಕೆ ನೂರು ಅಳಿಸುತ್ತೇನೆ ಎಂದು ಹೇಳುವವನ ಮಾತು ಕಿವಿಗೆ ಬಹಳ ಹಿತ.

ಆದ್ದರಿಂದ ನನ್ನ ಪದ್ಧತಿ ಹೀಗೆ. ಮೊದಲು ನೋಡುತ್ತೇನೆ. ಕತ್ತಲೆ ಮಾಡಿ ನೇರಳಾತೀತ ಟಾರ್ಚು ಹಿಡಿದರೆ ಹಳೆಯ ಕಲೆಗಳು ಮಂಕು ಹಳದಿಯಾಗಿ ಮಿನುಗುತ್ತವೆ. ಸೋಪಿನ ಪುಡಿ ಚೆಲ್ಲಿದ್ದರೂ ಮಿನುಗುತ್ತದೆ, ಆದ್ದರಿಂದ ಮೂಗನ್ನೂ ಬಳಸಬೇಕು. ಎಷ್ಟು ಕಲೆ ಇವೆ ಎಂದು ಮನೆಯವರಿಗೇ ಎಣಿಸಲು ಹೇಳುತ್ತೇನೆ. "ಒಂದೇ ಸಲ ಮಾಡ್ಯಾದ್ರಿ" ಅಂದವರು ಹನ್ನೊಂದು ಎಣಿಸಿದ ಮೇಲೆ ತಾವೇ ಸುಮ್ಮನಾಗುತ್ತಾರೆ. ಆಮೇಲೆ ಮೂರರಲ್ಲಿ ಒಂದು ಮಾತು ಹೇಳುತ್ತೇನೆ: ಇದು ಹೋಗುತ್ತದೆ, ಇದು ಕಡಿಮೆಯಾಗುತ್ತದೆ, ಮಳೆಗಾಲದಲ್ಲಿ ಸ್ವಲ್ಪ ಬರಬಹುದು, ಇದಕ್ಕೆ ದುಡ್ಡು ಹಾಕಬೇಡಿ. ಅದನ್ನೇ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಕಲೆ ಬೇರೆ, ವಾಸನೆ ಬೇರೆ, ಒಂದು ಹೋದರೆ ಇನ್ನೊಂದು ಹೋಗಬೇಕೆಂದಿಲ್ಲ ಎಂದೂ ಬರೆಯುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ.

ಹೋದ ವರ್ಷ ಒಂದು ಮನೆಗೆ ಕರೆದಿದ್ದರು. ಹದಿಮೂರು ವರ್ಷದ ಮುದಿ ನಾಯಿ, ಉಚ್ಚೆ ತಡೆಯುವ ಶಕ್ತಿ ಇಲ್ಲ. ಮಗ ನನ್ನನ್ನು ಬದಿಗೆ ಕರೆದು, "ವಾಸನಿ ಹೋಗ್ಲಿಲ್ಲಂದ್ರ ಇದಕ ಎಲ್ಲ್ಯಾರ ಬಿಟ್ಟು ಬರ್ತೀವಿ ಅಣ್ಣಾ" ಅಂದ. ಒಳಗೆ ಅವರ ತಂದೆ ನಾಯಿಯ ತಲೆ ಸವರುತ್ತಾ ಕೂತಿದ್ದರು. ಅಲ್ಲಿ ನಾನು "ಹೋಗ್ತದ್ರಿ" ಅಂದಿದ್ದರೆ ಒಂದು ತಿಂಗಳು ಎಲ್ಲರಿಗೂ ಸಮಾಧಾನ, ಆಮೇಲೆ ನಾಯಿ ಬೀದಿಗೆ. "ಕಾಕಾ, ಈ ಗಾಲಿಚಾ ಉಳಿಯಂಗಿಲ್ಲ, ನಾಯಿ ಉಳೀತದ" ಅಂದೆ. ಗಾಲಿಚಾ ಎತ್ತಿಸಿ, ಫರಸಿಯ ಸಂದು ತೊಳೆದು, ತೊಳೆಯಲು ಬರುವ ಎರಡು ಜಮಖಾನ ಹಾಸಿ ಅಂತ ಹೇಳಿ ಬಂದೆ. ನನಗೆ ಸಿಕ್ಕಿದ್ದು ನೆಲ ತೊಳೆದ ಕೂಲಿ ಮಾತ್ರ. ನಾಯಿ ಆ ಮನೆಯಲ್ಲೇ ಇದೆ.

ಈಗ ಬೈಸಿಕೊಳ್ಳುವವನ ಮಾತು. ನಮ್ಮ ಕಡೆಯ ಹುಡುಗರು ಬೆಂಗಳೂರು, ಪುಣೆಗೆ ಹೋಗಿ ಈ ಕೆಲಸ ಮಾಡುತ್ತಾರೆ. ಮೊಬೈಲಿನ ಜಾಹೀರಾತಿನಲ್ಲಿ "ಸಂಪೂರ್ಣ ವಾಸನಾಮುಕ್ತ" ಅಂತ ಬರೆದವನು ಯಾವುದೋ ಆಫೀಸಿನಲ್ಲಿ ತಣ್ಣಗೆ ಕೂತಿರುತ್ತಾನೆ. ಒಂದೂವರೆ ತಾಸಿನಲ್ಲಿ ಮುಗಿಸು ಅಂತ ಹುಡುಗನನ್ನು ಕಳಿಸುತ್ತಾನೆ. ಕಿಣ್ವಕ್ಕೆ ಇಡೀ ರಾತ್ರಿ ಬೇಕು, ಹುಡುಗನಿಗೆ ಸಿಗುವುದು ಒಂದೂವರೆ ತಾಸು! ವಾಸನೆ ತಿರುಗಿ ಬಂದಾಗ ಒಂದು ಚುಕ್ಕಿಯ ರೇಟಿಂಗ್ ಬೀಳುವುದು ಅವನ ಹೆಸರಿಗೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ರಕ್ಷಣಾ ಕಾಯ್ದೆ, 2019 ದಾರಿ ತಪ್ಪಿಸುವ ಜಾಹೀರಾತನ್ನು ಪ್ರಶ್ನಿಸಲು ಅವಕಾಶ ಕೊಟ್ಟಿದೆ. ಕೋಪ ಬಂದರೆ ಅದನ್ನು ಜಾಹೀರಾತು ಕೊಟ್ಟವನ ಮೇಲೆ ತೋರಿಸಿ, ಬಕೆಟ್ ಹಿಡಿದು ಬಂದವನ ಮೇಲೆ ಬೇಡ.

"ಹೀಗೆಲ್ಲ ಖರೇ ಹೇಳಿದರೆ ಧಂದೆ ನಡೆಯುತ್ತದೇನು?" ಎಂದು ಕೇಳುವವರಿದ್ದಾರೆ. ಕಡಿಮೆ ನಡೆಯುತ್ತದೆ, ಆದರೆ ನಡೆಯುತ್ತದೆ. ಮಳೆಗಾಲದಲ್ಲಿ ಫೋನು ಬಂದಾಗ ಎತ್ತಲು ಹೆದರಿಕೆ ಇರುವುದಿಲ್ಲ, ನನಗೆ ಅದೇ ದೊಡ್ಡ ಲಾಭ.

ನಿಮ್ಮ ಮನೆಯ ಬೆಕ್ಕಣ್ಣ, ನಾಯಿರಾಯರ ಪ್ರತಾಪಗಳೇನು? ಯಾವ ಉಪಾಯ ಮಳೆಗಾಲವನ್ನೂ ದಾಟಿ ಉಳಿಯಿತು? ಬರೀರಿ, ಓದುತ್ತೇನೆ. ಆದರೆ "ನೂರಕ್ಕೆ ನೂರು" ಅಂತ ಮಾತ್ರ ಬರೀಬ್ಯಾಡ್ರಿ ಮತ್ತ!