ಇಳಿಯುವ ಮುನ್ನ

ಸೇಡಂ, ಚಿತ್ತಾಪುರ, ಚಿಂಚೋಳಿಗಳಿಗೆ ಸಮುದ್ರ ಬಹುದೂರ. ಹೀಗಿರುವಾಗ ಜಲಾಂತರ್ಗಾಮಿ ನೌಕೆಯ ಮಾತು ಶಹಾಬಾದಿನಲ್ಲಿ ಫರಸಿ ಕಡಿಯುವವರಿಗೂ ವಾಡಿಯ ಕಾರ್ಮಿಕರಿಗೂ ಏತಕ್ಕೆಂದು ವಾಚಕರು ಕೇಳಬಹುದು. ಕಾರಣವುಂಟು. ಕಡಲ ತಳದಲ್ಲಿ ಕೆಟ್ಟು ಕುಳಿತ ನೌಕೆಗೂ ನಮ್ಮ ಹೊಲದ ಹಳೆಯ ಬಾವಿಗೂ ಒಂದು ಸಾಮ್ಯವಿದೆ: ಒಳಗಿನ ಸ್ಥಿತಿ ಹೊರಗೆ ನಿಂತವರ ಕಣ್ಣಿಗೆ ಕಾಣದು.

1939ರ ಮೇ 23ರಂದು ಅಮೆರಿಕದ 'ಸ್ಕ್ವೇಲಸ್' ನೌಕೆ ಸುಮಾರು 240 ಅಡಿ ಆಳದಲ್ಲಿ ಮುಳುಗಿತು. ಒಳಗಿದ್ದವರು 59 ಮಂದಿ. ಹಿಂಭಾಗಕ್ಕೆ ನೀರು ನುಗ್ಗಿ 26 ಮಂದಿ ಅಸುನೀಗಿದರು. ಉಳಿದವರು ಮೇಲಕ್ಕೆ ಬಿಟ್ಟ ತೇಲುಗುರುತಿನಲ್ಲಿ ದೂರವಾಣಿಯಿತ್ತು. ನಾಲ್ಕು ಮಾತಾಡುವಷ್ಟರಲ್ಲಿ ಅದರ ತಂತಿ ತುಂಡಾಯಿತು. ಅನಂತರ ಸುತ್ತಿಗೆಯೇ ಅವರ ನಾಲಗೆಯಾಯಿತು. ಉಕ್ಕಿನ ಗೋಡೆಯನ್ನು ಅವರು ಸಂಕೇತಾನುಸಾರ ಬಡಿದರು. ಮೇಲಿನವರು ಆಲಿಸಿ ಅರ್ಥ ಮಾಡಿಕೊಂಡರು. ಘಂಟೆಯಾಕಾರದ ಕೋಣೆಯೊಂದನ್ನು ನಾಲ್ಕು ಸಲ ಇಳಿಸಿ 33 ಜನರನ್ನೂ ಮೇಲೆತ್ತಿದರು. ಐದನೆಯ ಸಲ ಹಿಂಭಾಗಕ್ಕೂ ಇಳಿಸಿ, ಅಲ್ಲಿ ಯಾರೂ ಉಳಿದಿಲ್ಲವೆಂಬುದನ್ನು ಖಚಿತಪಡಿಸಿಕೊಂಡರು.

ಬದುಕಿದ್ದಾರೆಂದು ತಿಳಿದ ಮಾತ್ರಕ್ಕೆ ಬಾಗಿಲು ತೆರೆಯಲಾಗದು. ನೀರು ನುಗ್ಗಿದ ನೌಕೆಯಲ್ಲಿ ಉಳಿದ ಗಾಳಿ ಅದುಮಿಕೊಳ್ಳುತ್ತದೆ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದು. ಅಂಥ ಒತ್ತಡದಲ್ಲಿ ಬಹುಹೊತ್ತು ಉಸಿರಾಡಿದವರನ್ನು ಒಮ್ಮೆಲೇ ಹೊರತಂದರೆ, ಸೋಡಾಬಾಟಲಿಯ ಮುಚ್ಚಳ ತೆಗೆದಂತೆ, ರಕ್ತದಲ್ಲಿ ಗುಳ್ಳೆಗಳೆದ್ದು ಜೀವಕ್ಕೇ ಅಪಾಯ. ಆದುದರಿಂದ ಒಳಗಿನ ಒತ್ತಡವೆಷ್ಟು, ನೀರೆಷ್ಟು, ಜನರೆಷ್ಟು, ಇಂಗಾಲದ ಡೈಆಕ್ಸೈಡ್ ಎಷ್ಟು ಎಂಬುದನ್ನು ರಕ್ಷಕರು ಮೊದಲು ಅರಿಯಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಈ ಅನಿಲ ಶೇಕಡಾ 0.04ರಷ್ಟು ಮಾತ್ರ, ಅದು 3ರ ಸುಮಾರಿಗೆ ಏರಿದರೆ ಏದುಸಿರು, ತಲೆನೋವು, 6ನ್ನು ಮೀರಿದರೆ ಬುದ್ಧಿಯೇ ಮಂಕಾಗುತ್ತದೆ.

ಇದೇ ವಿವೇಕವನ್ನು ನಮ್ಮ ನೆರೆಯ ವಿಜಯಪುರ ಜಿಲ್ಲೆಯಲ್ಲಿಯೂ ಕಂಡೆವು. 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎಳೆಯ ಮಗುವೊಂದು ಕೊಳವೆಬಾವಿಗೆ ಬಿದ್ದಿತು. ಮೊದಲು ಕ್ಯಾಮೆರಾ ಇಳಿಸಿ ಮಗುವಿನ ಚಲನೆಯನ್ನು ಕಂಡುಕೊಂಡರು. ಕೊಳವೆಯ ಮೂಲಕ ಆಮ್ಲಜನಕ ಹರಿಸಿದರು. ಪಕ್ಕದಲ್ಲಿ ಗುಂಡಿ ತೋಡಿದರು. ಸುಮಾರು 20 ಗಂಟೆಗಳ ಬಳಿಕ ಮಗು ಜೀವಂತವಾಗಿ ಹೊರಬಂದಿತು.

ಆದರೆ ಹೊಲದ ಬಾವಿಯ ಬಳಿ ಈ ತಾಳ್ಮೆ ನಮಗಿರುವುದಿಲ್ಲ. ಹೂಳೆತ್ತಲು ಇಳಿದವನು ಮೂರ್ಛೆಹೋಗುತ್ತಾನೆ. ಅವನನ್ನು ಉಳಿಸಲು ತಮ್ಮ ಇಳಿಯುತ್ತಾನೆ, ಅವನ ಹಿಂದೆ ನೆರೆಯವನು. ವಾತ್ಸಲ್ಯವೇ ಒಬ್ಬರ ಮೇಲೊಬ್ಬರನ್ನು ಕೆಳಗೆ ಸೆಳೆಯುತ್ತದೆ. ಹಿಂದಿನವರು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದರು, ಆರಿದರೆ ಇಳಿಯುವಂತಿಲ್ಲ. ಜಾಣತನದ ಮಾತೇ ಸರಿ. ಆದರೆ ದೀಪ ಉರಿದ ಮಾತ್ರಕ್ಕೆ ಬಾವಿ ನಿರಪಾಯವಲ್ಲ. ಕೊಳೆತ ಹೂಳಿನಿಂದೇಳುವ ಹೈಡ್ರೋಜನ್ ಸಲ್ಫೈಡ್ ದೀಪವನ್ನು ಉಳಿಸಿ ಮನುಷ್ಯನನ್ನು ಕೊಲ್ಲಬಲ್ಲದು. ಹೆಚ್ಚಾದಾಗ ಅದರ ದುರ್ವಾಸನೆಯೂ ಮೂಗಿಗೆ ತಿಳಿಯದು. ಉರಿಯುವ ಅನಿಲವಿದ್ದರಂತೂ ದೀಪವೇ ಕಿಚ್ಚಾದೀತು. ಇಂದು ಕಂದೀಲಿನ ಸ್ಥಾನದಲ್ಲಿ ಇಳಿಸಬೇಕಾದುದು ಅಂಗೈಯಗಲದ ಅನಿಲಮಾಪಕ.

ಕಾರ್ಖಾನೆಯ ತೊಟ್ಟಿಗೆ ಇಳಿಯುವ ಮುನ್ನ ಅರ್ಹನೊಬ್ಬನು ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಡಬೇಕು, ಇಲ್ಲವೆ ಇಳಿಯುವವನಿಗೆ ಉಸಿರಾಟದ ಸಾಧನವೂ ಸೊಂಟಕ್ಕೆ ಹಗ್ಗವೂ ಇದ್ದು ಅದರ ತುದಿ ಹೊರಗಿನವನ ಕೈಯಲ್ಲಿರಬೇಕು ಎಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು. ಹೊಲದ ಬಾವಿಗೆ ಇಂಥ ಪತ್ರ ಕೊಡುವವರು ಯಾರು? ನಾವೇ ಕೊಟ್ಟುಕೊಳ್ಳಬೇಕು. ಮಾಪಕವಿಲ್ಲದಿದ್ದರೆ ಯಾರೂ ಇಳಿಯದೆ 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು. ದಂಡೆಯ ಮೇಲೆ ನಿಂತು ಕಾಯುವುದು ಹೇಡಿತನವಲ್ಲ. ಒಂದು ಸಾವು ಮೂರಾಗದಂತೆ ತಡೆಯುವುದೂ ರಕ್ಷಣೆಯೇ.